ಮನೆಯ ಕಂಪ್ಯೂಟರ್ ಎಚ್ಚರವಾದಾಗ

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು ಸರದಿಗೆ ಕಾಯುತ್ತಿದ್ದರು. ಫೋನ್ ನೋಡಿದ ತಂಗಿ ಬಿಳಿಚಿಕೊಂಡಳು.

“ಅಕ್ಕಾ, ಮನೆ ಕಂಪ್ಯೂಟರ್ ಆನ್ ಆಗಿದೆ ಅಂತ ಮೆಸೇಜ್ ಬಂತು.”

“ಅಮ್ಮ ಆನ್ ಮಾಡಿರ್ತಾಳೆ ಬಿಡೇ.”

“ಅದರ ಬಟನ್ ಕೆಟ್ಟು ಎಷ್ಟೋ ಕಾಲ ಆಯ್ತು. ಲ್ಯಾಪ್‌ಟಾಪಿಂದಲೇ ಅದನ್ನ ಎಬ್ಬಿಸೋಕೆ ಅಂತ ಇವರು ನಮ್ಮಿಬ್ಬರ ಲ್ಯಾಪ್‌ಟಾಪಲ್ಲೂ ಆ ಟೂಲ್ ಹಾಕಿದ್ದು.”

“ಅದನ್ನ ನೀನು ತೆಗೆದೆಯಲ್ಲ?”

“ಸಾಫ್ಟ್‌ವೇರ್ ಹಾಕೋ-ತೆಗೆಯೋ ಪ್ಯಾಕೇಜ್ ಮ್ಯಾನೇಜರಲ್ಲಿ ಕಮಾಂಡ್ ಕೊಟ್ಟು ನನ್ನ ಲ್ಯಾಪ್‌ಟಾಪಿಂದ ತೆಗೆದೆ. ಇನ್ನು ಇರೋದು ಇವರದ್ರಲ್ಲಿ ಮಾತ್ರ.”

“ನಿನ್ನ ಗಂಡ ಊರಲ್ಲೇ ಇಲ್ವಲ್ಲೇ.”

“ಮನೆ ವೈಫೈ ಸಿಕ್ಕಿದ್ರೆ ಮಾತ್ರ ಅದು ಕೆಲ್ಸ ಮಾಡೋದು, ಅಕ್ಕಾ.”

ಅಕ್ಕ ದನಿ ತಗ್ಗಿಸಿದಳು.

“ಮಗೂನ ಎತ್ಕೊಂಡು ಹೋಗ್ತೀನಿ ಅಂತ ಅವನು ಹೆದರಿಸಿದ್ದು ಅಮ್ಮಂಗೆ ಗೊತ್ತಾ?”

“ಹೇಳಿಲ್ಲ. ಸುಮ್ನೆ ಎದೆ ಒಡ್ಕೋತಾಳೆ ಅಂತ.”

ಅಕ್ಕ ಅಮ್ಮನಿಗೆ ಫೋನ್ ಮಾಡಿದಳು. ಕೇಳಿಸಿಕೊಳ್ಳುತ್ತಲೇ ಎದ್ದು ನಿಂತಳು.

“ಏನಂತೆ?”

“ಅಳಿಯಂದ್ರು ಬಂದಿದ್ದಾರಂತೆ. ಮಗೂಗೆ ಬಟ್ಟೆ ಹಾಕ್ತಿದ್ದಾರಂತೆ, ಹೊರಗೆ ಸುತ್ತಾಡಿಸೋಕೆ.”

ತಂಗಿ ಮೆಟ್ಟಿಲ ಕಡೆ ಧಾವಿಸಿದಳು.

“ಅಮ್ಮಾ, ಮಗೂನ ಅವನ ಕೈಗೆ ಕೊಡ್ಬೇಡ. ಎತ್ಕೊಂಡು ಪಕ್ಕದ ಮನೆಗೆ ಹೋಗು,” ಎನ್ನುತ್ತಾ ಅಕ್ಕ ಮೆಟ್ಟಿಲಿಳಿದಳು. ತಂಗಿ ಆಗಲೇ ಬೀದಿಗೆ ಓಡಿದ್ದಳು.