ಹುಲುಗೇಶಣ್ಣನ ರಕ್ತ

ನಗು ಅತ್ತಿಗಿ, ನಗು. ನಾದಿನಿ ಕ್ರಾಂತಿ ರಕ್ತಕ್ಕ ಲೈಟ್ ಬಿಟ್ಟು ಸಂಬಳ ತಗಂತಾಳ ಅಂತ ಓಣಿಗೆಲ್ಲಾ ಹೇಳು... ಖರೇನ, ಲ್ಯಾಬಿನ್ಯಾಗ ನಂದು ಅದ ಕೆಲ್ಸ. ಹುಣಸಿ ಬೀಜ ಬಿಡಿಸ್ಕೋಂತನ ಕೇಳು.

ರಕ್ತದಾಗಿನ ಕಣಗಳನ್ನ ಕೂದಲೆಳಿಯಂಥ ನೀರಿನ್ಯಾಗ ಒಂದರ ಹಿಂದ ಒಂದು ಬಿಡ್ತೀವಿ, ಲೇಸರ್ ಮುಂದ... ಹೂಂ, ದೊಡ್ಡಿ ಬಾಗ್ಲಾಗ ಕುರಿ ಬಿಟ್ಟಂಗ, ಹಂಗ ಅನ್ಕೋ. ಯಾವ ಕಣ ಎಷ್ಟು ಹೊಳೀತು ಅಂತ ಮಷಿನ್ನು ಅಳೀತೈತಿ.

ಯಾಕ ಹೊಳೀತಾವ? ಹೆಂಗ ಹೇಳ್ಲಿ... ಹುಲುಗೇಶಣ್ಣಗ ಬಂದಿರೋ ರಕ್ತದ ಕ್ಯಾನ್ಸರಿನ್ಯಾಗ, ಕಣ ಸಿಕ್ಕಾಪಟ್ಟಿ ಬೆಳೀದಂಗ ತಡಿಯೋ ಜೀನು ಒಳಗ ಇರ್ತಾವ. ಆದ್ರ ಬೀಗ ಬಿದ್ದಿರತೈತಿ. ಈಗ ಹಾಕೋ ಇಂಜೆಕ್ಷನ್ ಆ ಬೀಗ ತೆಗೀಬೇಕು. ನಾವು ಬೀಗಕ್ಕ ಅಂಟೋ ಬಣ್ಣ ಹಾಕ್ತೀವಿ. ಬೀಗ ಇದ್ದಷ್ಟೂ ಹೊಳಪು. ತೆಗೆದ್ರ ಕಣ ಮಬ್ಬಾಗ್ತಾವ. ಮಬ್ಬಾದ್ರ ಔಷಧಿ ಹಿಡೀತು ಅಂತ ಲೆಕ್ಕ.

ಯಾಕ, ಕೈ ನಿಂತ್ವು?

ಹೌದು... ನಮ್ಮ ಸಂಶೋಧನಿಗೆ ಅಣ್ಣನೂ ರಕ್ತ ಕೊಟ್ಟಾನಲ್ಲ. ಹೋದ ವಾರ ನಾನ ಹಾಕಿ ನೋಡಿದೆ, ಬ್ಯಾರೆದೋರ ಕೈಗೆ ಕೊಡಲಿಲ್ಲ. ಮೊದ್ಲನೇ ಇಂಜೆಕ್ಷನ್ ಆದಾಗ ನೋಡಿದ್ರ ಮಬ್ಬಾಗಿದ್ವು ಅತ್ತಿಗಿ, ದೇವರಾಣಿ ಮಬ್ಬಾಗಿದ್ವು. ಈ ಸಲ ಮತ್ತ ಹೊಳದ್ವು.

ಹಂಗ ನೋಡಬ್ಯಾಡ.

ಅವನ ಫೋನ್ ಮಾಡಿದ. "ಹೆಂಗ ಅದಾವವ್ವಾ ನನ್ನ ಕಣ?" ಅಂದ. "ಹೊಳಿಯಾಕ ಹತ್ಯಾವಣ್ಣ" ಅಂದುಬಿಟ್ಟೆ. ನಕ್ಕ. ಹೊಳಿಯೋದಂದ್ರ ಚಲೋ ಅಂತ ತಿಳ್ಕಂಡ. ಎಷ್ಟು ದಿನ ಆಗಿತ್ತು ಅವನ ನಗು ಕೇಳಿ... ಆ ನಗಿ ಮ್ಯಾಲ ಏನು ಹೇಳ್ಲಿ ನಾನು? ಸುಳ್ಳು ಹೇಳಲಿಲ್ಲ ಅಂತ ಊರಿಗೆ ಬರೋ ಮಟ ನನಗ ನಾನ ಹೇಳ್ಕಂಡೆ.

ಈಗ ನೋಡಿದ್ರ ಖಾಕಿ ಇಸ್ತ್ರಿ ಮಾಡಿಸ್ಕಂಡು ಡಿಪೋಕ್ಕ ಹೋಗ್ಯಾನ, ಮತ್ತ ಕೊಟ್ಟೂರು ಬಸ್ಸು ಓಡ್ಸಾಕ ಕೊಡ್ರಿ ಅನ್ನಾಕ. ಡಾಕ್ಟರು ಅವನ್ನ ಸೋಮವಾರನ ಕರಕಂಡು ಬಾ ಅಂದಾರ. ಬ್ಯಾರೆ ಔಷಧಿ ಏನರ ಐತೇನೋ ನೋಡ್ತಾರಂತ... ಐತೇನೋ. ನಿನ್ನ ನೋಡಾಕ ಬಂದೆ ಅಂದೆನಲ್ಲ ಮುಂಜಾನಿ, ಅದಕ್ಕಲ್ಲ ಬಂದಿದ್ದು.

ಬೈಯಿ ಅತ್ತಿಗಿ. ಏನರ ಅನ್ನು.

ಗೇಟು ಸಪ್ಪಳಾತು. ಅಣ್ಣನ. ಕಣ್ಣೊರಸ್ಕೋ, ಲಗೂನ... ಬ್ಯಾಡ, ಒರಸ್ಕೋಬ್ಯಾಡ. ನಾನ ಹೇಳ್ತೀನಿ. ನೀ ನನ್ನ ಪಕ್ಕಕ್ಕ ಇರು.