ಮರಿ ಇಟಾಚಿಯ ಮೊದಲ ಗುಂಡಿ

...ಕೊಟ್ಟ ಮಾತೊಂದು ಬಾಕಿ ಇದೆ ಎಂದು ದುರ್ಗಯ್ಯ ಹೇಳಿದ್ದ. ಆಗ ಎಂಜಿನ್ ಓಡುತ್ತಿತ್ತು. ನಾನು ಲಿವರ್ ನೋಡುತ್ತಿದ್ದೆ. ಇದು ನನಗೆ ಈ ದಿನ ಮಧ್ಯಾಹ್ನ ನೆನಪಾಯಿತು. ಅದನ್ನು ಬರೆಸಲೆಂದೇ ಒಂದೇ ದಿನದಲ್ಲಿ ಎರಡನೆಯ ಸಲ ಠಾಣೆಗೆ ಬಂದಿದ್ದೇನೆ.

ನನ್ನ ಹೆಸರು ಬಸವಕುಮಾರ್ ಬಿನ್ ಲೇಟ್ ಸದಾಶಿವಯ್ಯ, 53 ವರ್ಷ, ಕೊಬ್ಬರಿ ವ್ಯಾಪಾರ ಮತ್ತು ವ್ಯವಸಾಯ, ವಾಸ ಶೆಟ್ಟಿಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕು. ಬೆಳಿಗ್ಗೆ 7-30ಕ್ಕೆ ನಾನೇ ಕೊಟ್ಟ ಕಳವಿನ ದೂರಿನ ಬಗ್ಗೆ, ಯಾರ ಒತ್ತಾಯವೂ ಇಲ್ಲದೆ ಬರೆಸುವುದು ಹೀಗಿದೆ.

ನನ್ನದು ಅಜ್ಜನ ಕಾಲದ ತೋಟ. ಸಾಲುಗಳು ಒತ್ತಾಗಿವೆ. ಹೋದ ವರ್ಷ ಕಾಯಿಮಟ್ಟೆ ಹೂಳಲು ಕಾಲುವೆ ತೆಗೆಸಿದಾಗ, ಬಾಡಿಗೆಗೆ ಬಂದ ದೊಡ್ಡ ಯಂತ್ರ ಸಾಲಿನಲ್ಲಿ ತಿರುಗಲಾರದೆ ಎರಡು ಮರಗಳ ಬೊಡ್ಡೆ ತರಚಿತು. ಬದು ಹಾಕುವುದು, ಸಸಿಗೆ ಗುಂಡಿ, ಕೊಟ್ಟಿಗೆಗೆ ಪಾಯ, ಬಚ್ಚಲ ನೀರಿಗೆ ಇಂಗುಗುಂಡಿ, ಹೀಗೆ ಸಣ್ಣ ಕೆಲಸಗಳು ಇನ್ನೂ ಬಹಳ ಉಳಿದಿದ್ದವು. ಆದ್ದರಿಂದ ಬಳಸಿದ ಮಿನಿ ಎಕ್ಸ್‌ಕವೇಟರ್ ಒಂದನ್ನು ಕೊಳ್ಳಲು ತೀರ್ಮಾನಿಸಿದೆ. ನಮ್ಮ ಕಡೆ ಇದನ್ನು ಮರಿ ಇಟಾಚಿ ಎನ್ನುತ್ತಾರೆ.

ಮೊದಲು ತಿಪಟೂರಿನ ರಸ್ತೆ ಬದಿಯಲ್ಲಿ ಮಾರಾಟಕ್ಕೆ ನಿಲ್ಲಿಸಿದ್ದ ಒಂದನ್ನು ನೋಡಿದೆ. ಬಣ್ಣ ಹೊಸದು. ಮೀಟರಿನಲ್ಲಿ ಓಡಿದ ಗಂಟೆಗಳು ಕಡಿಮೆ, ಆದರೆ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿತ್ತು. ನಾನು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿತ್ತು. ಎರಡನೆಯದು ದಂಡಿನಶಿವರದಲ್ಲಿತ್ತು. ಅದರ ಮಾಲೀಕರು ತೋಳನ್ನು ಎತ್ತಿ ಇಳಿಸಿ ತೋರಿಸಿದರು, ನೆಲಕ್ಕೆ ಮಾತ್ರ ತಾಗಿಸಲಿಲ್ಲ. ಅಗೆಯಿರಿ ಎಂದಾಗ ಚಹಾ ತರಿಸಿದರು.

ಮೂರನೆಯದು ದುರ್ಗಯ್ಯನದು. ಅವನು ನಮ್ಮೂರಿಂದ ಮೂರು ಕಿ.ಮೀ. ದೂರದ ಹಟ್ಟಿಯವನು, ಸುಮಾರು 45 ವರ್ಷ. ಬೆನ್ನುನೋವಿಗೆ ವೈದ್ಯರು ಯಂತ್ರದ ಮೇಲೆ ಕೂರಬೇಡ ಎಂದಿದ್ದರಿಂದ ಮಾರುತ್ತಿದ್ದ. ದಿನಾಂಕ 21ರ ಸೋಮವಾರ ಬೆಳಿಗ್ಗೆ ಆರಕ್ಕೇ ಬರಬೇಕೆಂದು ಹೇಳಿದ್ದ. ಹೋದೊಡನೆ ನನ್ನ ಕೈ ಹಿಡಿದು ಎಂಜಿನ್ ಮೇಲೆ ಇಟ್ಟ. ತಣ್ಣಗಿತ್ತು. ತಣ್ಣಗಿರುವ ಎಂಜಿನ್ ಹೇಗೆ ಹತ್ತುತ್ತದೆ, ಎಂಥ ಹೊಗೆ ಬಿಡುತ್ತದೆ ಎಂಬುದನ್ನು ನೋಡದೆ ಯಾರ ಯಂತ್ರವನ್ನೂ ಕೊಳ್ಳಬಾರದು ಎಂದ. ಆಮೇಲೆ ಬಕೆಟ್ಟನ್ನು ನನ್ನಿಂದಲೇ ಅಲುಗಾಡಿಸಿ, ಪಿನ್ನುಗಳು ಸವೆದು ಎಷ್ಟು ಸಡಿಲವಾಗಿವೆ ಎಂದು ತೋರಿಸಿದ. ಬಲಗಡೆಯ ರಬ್ಬರ್ ಪಟ್ಟಿ ಇನ್ನೊಂದು ವರ್ಷ ಬಾಳುತ್ತದೆ, ಎಡಗಡೆಯ ಪೈಪಿನಲ್ಲಿ ಆಯಿಲ್ ಜಿನುಗುತ್ತದೆ, ಮೀಟರ್ ಎರಡು ವರ್ಷದಿಂದ ಓಡುತ್ತಿಲ್ಲ ಎಂದ. ಇಷ್ಟೆಲ್ಲ ಹೇಳಿದರೆ ಕೊಳ್ಳುವವರು ಯಾರು ಎಂದು ನಾನು ಕೇಳಿದೆ.

"ಈಗ್ಲೇ ಬೈಯ್ಕಂಡು ತಗಳಿ. ಆಮ್ಯಾಕೆ ತೋಟದಲ್ಲಿ ನಿಂತ್ಕಂಡು ಬೈಯೋದು ತಪ್ಪುತ್ತೆ" ಎಂದ.

ತನ್ನ ಹಿತ್ತಿಲಿನ ಗಟ್ಟಿ ಗರಸಿನಲ್ಲಿ ನಾಲ್ಕು ಅಡಿ ಅಗೆದು ತೋರಿಸಿದ. ಎರಡು ತೆಂಗಿನ ಮರಗಳ ಮಧ್ಯೆ ಹೋಗಿ, ಬುಡಕ್ಕೆ ತಾಗದಂತೆ ನಿಂತಲ್ಲೇ ತಿರುಗಿಸಿದ. ಬೆಲೆಯ ಮಾತು ಬೇಗ ಮುಗಿಯಿತು.

ದಿನಾಂಕ 23ರ ಬುಧವಾರ ಸಂಜೆ 4-00ಕ್ಕೆ ಯಂತ್ರವನ್ನು ನಮ್ಮ ಕೊಬ್ಬರಿ ಶೆಡ್ಡಿನ ಮುಂದೆ ತಂದು ನಿಲ್ಲಿಸಿದ. ನನ್ನನ್ನು ಸೀಟಿನಲ್ಲಿ ಕೂರಿಸಿ, ಪಕ್ಕದಲ್ಲಿ ನಿಂತು ಲಿವರ್‌ಗಳನ್ನು ಹೇಳಿಕೊಟ್ಟ. ಕೊಟ್ಟ ಮಾತೊಂದು ಬಾಕಿ ಇದೆ, ಹಟ್ಟಿಯ ಹೊಂಬಾಳಮ್ಮನದು, ಅವಸರ ಬಂದರೆ ಯಂತ್ರ ಒಯ್ಯುತ್ತೇನೆ, ಒಂದು ಕೀಲಿ ನನ್ನಲ್ಲಿರಲಿ ಎಂದು ಹೇಳಿದ್ದು ಆಗಲೇ. ಆ ಕ್ಷಣ ಬಕೆಟ್ ನನ್ನ ಕೈಗೆ ಮೊದಲ ಸಲ ಬಗ್ಗಿತು. ನಾನು ತಲೆಯಾಡಿಸಿದೆ. ನನ್ನ ಹೆಂಡತಿ ಗಿರಿಜಾಂಬಿಕಾ ಬರುವ ಸೋಮವಾರ ಪೂಜೆ ಗೊತ್ತು ಮಾಡಿದ್ದಳು. ಪಟ್ಟಿಯ ಕೆಳಗೆ ನಿಂಬೆಹಣ್ಣು ಇಟ್ಟು, ಮೊದಲ ಗುಂಡಿಯನ್ನು ತೆಂಗಿನ ಸಸಿಗೆ ತೆಗೆಯಬೇಕು, ಅಲ್ಲಿಯವರೆಗೆ ಯಂತ್ರ ಮಣ್ಣು ಮುಟ್ಟಬಾರದು ಎಂದಿದ್ದಳು.

ಈ ದಿನ ಗುರುವಾರ ಬೆಳಿಗ್ಗೆ 5-45ಕ್ಕೆ ನೋಡಿದಾಗ ಯಂತ್ರ ಇರಲಿಲ್ಲ. ನಿದ್ದೆಯಲ್ಲಿ ನಮಗೆ ಸದ್ದು ಕೇಳಿಸಿರಲಿಲ್ಲ. ಪಟ್ಟಿಯ ಗುರುತು ಗೇಟಿನವರೆಗೆ ಇತ್ತು, ಮುಂದೆ ಸಿಮೆಂಟ್ ರಸ್ತೆಯಲ್ಲಿ ಕಾಣಲಿಲ್ಲ. ದುರ್ಗಯ್ಯನ ಬಳಿ ಇನ್ನೊಂದು ಕೀಲಿ ಇರುವುದು ಮಾತ್ರ ನೆನಪಾಯಿತು. ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅಷ್ಟೊಂದು ಕುಂದುಗಳನ್ನು ತಾನಾಗಿ ಹೇಳಿದ್ದು ನನ್ನನ್ನು ನಂಬಿಸಲಿಕ್ಕೇ ಇರಬೇಕು ಎಂದುಕೊಂಡೆ. ಹಾಗೆ ಅನ್ನಿಸಲು ಹತ್ತು ನಿಮಿಷ ಸಾಕಾಯಿತು. ಠಾಣೆಗೆ ಬಂದು ಅವನ ಹೆಸರು ಹೇಳಿ ದೂರು ಕೊಟ್ಟೆ.

9-40ಕ್ಕೆ ಮನೆಗೆ ಮರಳಿದಾಗ ಯಂತ್ರ ಮೊದಲಿದ್ದ ಜಾಗದಲ್ಲೇ ನಿಂತಿತ್ತು. ಬಕೆಟ್ ತೊಳೆದಿತ್ತು. ಡೀಸೆಲ್ ಟ್ಯಾಂಕ್ ತುಂಬಿತ್ತು. ಕೀಲಿ ಶೆಡ್ಡಿನ ಕಿಟಕಿಯ ಸರಳಿಗೆ ನೇತುಹಾಕಿತ್ತು. ಹಿತ್ತಿಲಲ್ಲಿದ್ದ ಗಿರಿಜಾಂಬಿಕಾಳಿಗೆ ಸದ್ದು ಕೇಳಿಸಿತ್ತು, ಹೊರಗೆ ಬರುವಷ್ಟರಲ್ಲಿ ಯಾರೂ ಇರಲಿಲ್ಲ. ನಾನು ಎಂಜಿನ್ ಮೇಲೆ ಕೈ ಇಟ್ಟೆ. ಬಿಸಿಯಾಗಿತ್ತು. ಎಲ್ಲೋ ಬಾಡಿಗೆ ಕೆಲಸ ಮಾಡಿಕೊಂಡು, ಹೆದರಿ ತಂದು ಬಿಟ್ಟಿದ್ದಾನೆ ಎಂದು ತೀರ್ಮಾನಿಸಿದೆ. ಯಂತ್ರ ಬಂದಿದೆ ಎಂದು ಠಾಣೆಗೆ ಫೋನ್ ಮಾಡಿದೆ. ಸಂಜೆಯೊಳಗೆ ಬಂದು ಬರೆದುಕೊಡಿ ಎಂದರು. 11-00ಕ್ಕೆ ಪೇದೆ ಆಶಾ ಅವರು ಫೋನ್ ಮಾಡಿ, ಕರೆದ ಕೂಡಲೇ ದುರ್ಗಯ್ಯ ಬಸ್ಸು ಹತ್ತಿ ಬಂದಿದ್ದಾನೆ, ಕೆಲಸ ಬಾಕಿ ಇರುವುದನ್ನು ನಿಮಗೆ ಹೇಳಿದ್ದನಂತೆ, ನೀವು ತಲೆಯಾಡಿಸಿದಿರಂತೆ, ಹೌದೇ ಎಂದು ಕೇಳಿದರು. ನೆನಪಿಲ್ಲ ಎಂದೆ. ಆ ಹೊತ್ತಿಗೆ ಅದು ನಿಜವಾಗಿತ್ತು. ಊಟ ಮಾಡಿದೆ.

ಮಧ್ಯಾಹ್ನ 2-30ಕ್ಕೆ ಗಂಗಾಧರಯ್ಯ ಎಂಬ, ನನಗೆ ಮುಖಪರಿಚಯ ಮಾತ್ರ ಇರುವ ಹಟ್ಟಿಯ ರೈತರು ಗೇಟಿನ ಹೊರಗೆ ಬಂದು ನಿಂತರು. ತಲೆ ಒದ್ದೆಯಾಗಿತ್ತು. ಒಳಗೆ ಕರೆದರೆ ಸೂತಕ ಎಂದು ಬರಲಿಲ್ಲ. ರಸ್ತೆಯಲ್ಲೇ ನಿಂತು ಕೈ ಮುಗಿದರು. ತಮ್ಮ ತಾಯಿ ಹೊಂಬಾಳಮ್ಮ ರಾತ್ರಿ ತೀರಿಕೊಂಡರೆಂದೂ, ಗುಂಡಿ ತೆಗೆಯಲು ನಾನು ಯಂತ್ರ ಕಳಿಸಿದ ಉಪಕಾರವನ್ನು ಮರೆಯುವುದಿಲ್ಲವೆಂದೂ ಹೇಳಿದರು. ನಾನು ಕಳಿಸಿದ್ದೆನೆಂದು ಯಾರು ಹೇಳಿದರು ಎಂದು ಕೇಳಿದೆ.

"ದುರ್ಗಣ್ಣನೇ. ಪೂಜೆನೂ ಮಾಡಿಲ್ಲ, ಆದ್ರೂ ಕಳಿಸವ್ರೆ ಅಂದ" ಎಂದರು.

ಉಳಿದದ್ದನ್ನು ಅವರ ಬಾಯಿಂದ ತಿಳಿದೆ. ಏಳು ವರ್ಷದ ಹಿಂದೆ ಅವರ ತಂದೆಯನ್ನು ತೋಟದಲ್ಲಿ ಮಣ್ಣು ಮಾಡುವಾಗ ದೊಡ್ಡ ಯಂತ್ರ ಬಂದು, ಪಕ್ಕದ ತೆಂಗಿನ ಮರದ ಒಂದು ಮಗ್ಗುಲಿನ ಬೇರನ್ನೆಲ್ಲ ಕತ್ತರಿಸಿತ್ತು. ಆ ಮರ ಮತ್ತೆ ಸರಿಯಾಗಿ ಕಾಯಿ ಹಿಡಿಯಲಿಲ್ಲ. ಹೊಂಬಾಳಮ್ಮ ಅಂದಿನಿಂದ ದುರ್ಗಯ್ಯ ಎಲ್ಲಿ ಸಿಕ್ಕರೂ, ಗಂಡನ ಪಕ್ಕದ ಗುಂಡಿಯನ್ನು ನಿನ್ನ ಮರಿಯಲ್ಲೇ ತೆಗೆಯಬೇಕು, ಇನ್ನೊಂದು ಮರದ ಬೇರು ಮುಟ್ಟಕೂಡದು ಎಂದು ಮಾತು ತೆಗೆದುಕೊಳ್ಳುತ್ತಿದ್ದರು. ಯಂತ್ರ ಮಾರಿದ್ದನ್ನು ತಿಳಿಸಲು ಮಂಗಳವಾರ ದುರ್ಗಯ್ಯ ಅವರ ಮನೆಗೆ ಹೋಗಿದ್ದ. ಆಕೆ ಹಾಸಿಗೆ ಹಿಡಿದಿದ್ದರು.

"ಮಾರ್ಬುಟ್ಯಾ? ನಾನ್ ಹೋಗೋಗಂಟ ತಡ್ಕಳಕ್ಕಾಗ್ಲಿಲ್ವೇನ್ಲಾ ನಿಂಗೆ?" ಎಂದರಂತೆ. ಇದನ್ನು ಹೇಳುವಾಗ ಗಂಗಾಧರಯ್ಯ ನಕ್ಕರು, ಕಣ್ಣು ಒರೆಸಿಕೊಂಡು ಮತ್ತೆ ಕೈ ಮುಗಿದರು.

ಗುಂಡಿ ತೆಗೆಯುವಾಗ ದುರ್ಗಯ್ಯ ಚಪ್ಪಲಿ, ಫೋನು ಎರಡನ್ನೂ ದೂರ ಬಿಟ್ಟಿರುತ್ತಾನಂತೆ. ಮುಗಿದ ಮೇಲೆ ಸ್ನಾನವಾಗದೆ ಯಾರ ಬಾಗಿಲಲ್ಲೂ ನಿಂತು ಕರೆಯುವುದಿಲ್ಲವಂತೆ. ಬೇರು ಒಂದೂ ಕತ್ತರಿಸಲಿಲ್ಲ, ಕೊನೆಯ ಒಂದು ಅಡಿಯನ್ನು ಇಳಿದು ಗುದ್ದಲಿಯಲ್ಲೇ ತೆಗೆದ ಎಂದರು. ಕೊನೆಗೆ ಗಂಗಾಧರಯ್ಯ ರಸ್ತೆಯ ಆಚೀಚೆ ನೋಡಿ ಕೇಳಿದರು: "ಮಣ್ಣು ಹಾಕಕ್ಕೆ ದುರ್ಗಣ್ಣ ಬರ್ಲೇ ಇಲ್ಲ ಕಣ್ರೀ. ಒಂದ್ ಗಂಟೆ ಕಾದ್ವಿ. ಇಲ್ಲೇನಾದ್ರೂ ಅವ್ನಾ?"

ಎಲ್ಲಿದ್ದಾನೆಂದು ನನಗೆ ಗೊತ್ತಿತ್ತು. ಹೇಳಿದೆ. ಅವರು ಮುಗಿದ ಕೈಗಳನ್ನು ಆಗ ಕೆಳಗಿಳಿಸಿದರು. ಬುಧವಾರ ಸಂಜೆಯ ಮಾತು, ಎಂಜಿನ್ ಸದ್ದಿನ ಸಮೇತ ನನಗೆ ನೆನಪಾದದ್ದು ಆಗ.

ಜಗುಲಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಗಿರಿಜಾಂಬಿಕಾ, ನಾನು ಹೊರಡುವಾಗ ಹೇಳಿದ್ದು ಇಷ್ಟೇ: "ಸೋಮವಾರಕ್ಕೆ ನಿಂಬೆಹಣ್ಣು ತರಬೇಡಿ. ಆಗೋಯ್ತಲ್ಲ."

4-10ಕ್ಕೆ ಠಾಣೆ ತಲುಪಿದೆ. ದುರ್ಗಯ್ಯ ಹೊರಗೆ ಹೊಂಗೆ ಮರದ ಕೆಳಗಿನ ಬೆಂಚಿನಲ್ಲಿದ್ದ. ಅವನಿಗೆ ನೆರಳು, ಊಟ, ಚಹಾ ಕೊಟ್ಟಿದ್ದಕ್ಕೆ ಠಾಣೆಯವರಿಗೆ ಕೃತಜ್ಞ. ನನ್ನನ್ನು ಕಂಡು ಎದ್ದು, "ಎಡಗಡೆ ಪೈಪು ನೋಡ್ಕಂಡ್ರಾ? ಇವತ್ತು ಸ್ವಲ್ಪ ಜಾಸ್ತಿನೇ ಜಿನುಗ್ತು" ಎಂದ.

ಒಪ್ಪಿಗೆ ಕೊಟ್ಟಿದ್ದೆ ಎಂದು ಬರೆಯಲೋ, ಇಲ್ಲ ಎಂದು ಬರೆಯಲೋ ಎಂದು ಆಶಾ ಅವರು ಕೇಳುತ್ತಿದ್ದಾರೆ. ಅವನು ಹೇಳಿದ್ದು ನಿಜ, ನಾನು ತಲೆಯಾಡಿಸಿದ್ದು ನಿಜ. ಬಕೆಟ್ ಬಗ್ಗಿದ ಖುಷಿಗೆ ಆಡಿಸಿದೆನೋ, ಅವನ ಮಾತಿಗೋ ಎಂಬುದು ನನಗೇ ಖಚಿತವಿಲ್ಲ. ಅವನ ಮಾತಿಗೇ ಎಂದು ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಕಳವು ಆಗಿಲ್ಲ. ನನ್ನ ಯಂತ್ರ ನನ್ನ ಹೆಸರಿನಲ್ಲಿ ಮೊದಲ ಕೆಲಸ ಮಾಡಿದೆ, ಮತ್ತು ಅದು ನಾನಾಗಿ ಯೋಚಿಸಿ ಕಳಿಸುವಂಥ ಕೆಲಸವಾಗಿರಲಿಲ್ಲ. ಆ ಕಾರಣಕ್ಕೆ ನಾನು ದುರ್ಗಯ್ಯನಿಗೆ ಋಣಿ. ದೂರನ್ನು ಹಿಂದಕ್ಕೆ ಪಡೆಯುತ್ತೇನೆ. ಬೆಳಕಿರುವಾಗಲೇ ಅವನನ್ನು ಬಿಟ್ಟರೆ ನಾನೇ ಬೈಕಿನಲ್ಲಿ ಆ ತೋಟಕ್ಕೆ ಕರೆದೊಯ್ಯುತ್ತೇನೆ. ಹಾಕಬೇಕಾದ ಒಂದು ಹಿಡಿ ಮಣ್ಣನ್ನು ಅವನು ಇನ್ನೂ ಹಾಕಿಲ್ಲ.

ನಾನು ಹೇಳಿದಂತೆಯೇ ಬರೆಯಲಾಗಿದೆ, ಓದಿ ಹೇಳಿದ್ದನ್ನು ಕೇಳಿದ್ದೇನೆ, ನನಗೆ ತಿಳಿದ ಮಟ್ಟಿಗೆ ಇದು ಸತ್ಯ.

ಸ್ಥಳ: ಚಿಕ್ಕನಾಯಕನಹಳ್ಳಿ
ದಿನಾಂಕ: 24-04-2025, ಸಂಜೆ 5-05
(ಸಹಿ) ಬಸವಕುಮಾರ್ ಎಸ್.

ಸಹಿಯಾದ ಮೇಲೆ, ನನ್ನ ಕೋರಿಕೆಯಂತೆ ಸೇರಿಸಿದ್ದು: ಮಂಗಳವಾರ ಹೊಂಬಾಳಮ್ಮನವರು ದುರ್ಗಯ್ಯನಿಗೆ ಇನ್ನೊಂದು ಮಾತನ್ನೂ ಕೇಳಿದ್ದರೆಂದು ಗಂಗಾಧರಯ್ಯ ಹೇಳಿದರು. "ಹೋಗ್ಲಿ ಬುಡು, ತಗಂಡೋನು ಎಂಥೋನ್ಲಾ?" ಅಷ್ಟರಲ್ಲಿ ಹಸು ಹಗ್ಗ ಬಿಚ್ಚಿಕೊಂಡಿತೆಂದು ಗಂಗಾಧರಯ್ಯ ಹೊರಗೆ ಓಡಿದ್ದರಿಂದ ಉತ್ತರ ಅವರಿಗೆ ಕೇಳಿಸಲಿಲ್ಲ. ದುರ್ಗಯ್ಯ ಹತ್ತು ಹೆಜ್ಜೆ ದೂರದ ಬೆಂಚಿನಲ್ಲೇ ಇದ್ದಾನೆ, ಆದರೆ ಈ ದಿನ ಅವನನ್ನು ಕೇಳಲು ನನಗೆ ಮುಖವಿಲ್ಲ. ಹೊಂಬಾಳಮ್ಮನವರೇ, ಅವನು ಏನೆಂದ?