ಫಕ್ಕೀರವ್ವನ ಡಬರಿ

"ಭಿಕ್ಷಾ ಬೇಡಾಕ ನಿನಗ ಬ್ಯಾರೆ ಬಾಗಲಾ ಸಿಗಲಿಲ್ಲೇನಪಾ? ಊರ ಬಿಟ್ಟ ಹೊಂಟವರ ಮನಿಗೆ ಬಂದು ಭಾಂಡೆ ಕೇಳತೀಯಲ್ಲ, ನಾಚಿಕಿ ಅನ್ನೂದು ಐತಿಲ್ಲೋ?"

ಒಬ್ಬ ಶ್ರೀಮಂತ ಒಬ್ಬ ದರ್ಜಿಗೆ ಆಡಿದ ಮಾತು ಇದು. ಎಲ್ಲಿ ಆಡಿದ? ಒಳಗೆ ಕರೆದು ಕೂರಿಸಿ ಆಡಿದನೇ? ಇಲ್ಲ. ಓಣಿಯ ನಟ್ಟನಡುವೆ, ಲಾರಿಯ ಮುಂದೆ, ಬೀಳ್ಕೊಡಲು ಬಂದ ಇಡೀ ಓಣಿಯವರ ಎದುರಿಗೆ ಆಡಿದ. ನಿಂತವರು ನಕ್ಕರು. ನೋಡಿ, ಇಲ್ಲಿ ಮುಂದಿನ ಸಾಲಿನಲ್ಲೂ ಇಬ್ಬರು ನಕ್ಕಿರಿ. ನಗಿ, ಬೇಡ ಅನ್ನುವುದಿಲ್ಲ. ಆದರೆ ಯಾರು ಯಾಕೆ ನಕ್ಕರು ಎಂಬುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಶರಣ ಬಂಧುಗಳೇ, ಆ ಮಾತು ಯಾಕೆ ಬಂತು ಎಂದು ತಿಳಿಯಲು ಕೊಂಚ ಹಿಂದಕ್ಕೆ ಹೋಗಬೇಕು. ಊರು ಯಾವುದಾದರೂ ಇರಲಿ. ಶ್ರೀಮಂತನಿಗೆ ಪೇಟೆಯಲ್ಲಿ ದೊಡ್ಡ ಅರಿವೆ ಅಂಗಡಿಯಿತ್ತು. ಸಮುದ್ರದಾಚೆಯ ಒಂದು ದೇಶದಲ್ಲಿ ಅವನ ವ್ಯಾಪಾರ ಕುದುರಿತು. ಇಲ್ಲಿಯ ಅಂಗಡಿ ಮಾರಿದ, ಮನೆ ಮಾರಿದ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಲ್ಲಿಯೇ ನೆಲೆಸುವುದು ಎಂದು ನಿಶ್ಚಯಿಸಿದ. ನೆಲೆಸಲಿ. ತಪ್ಪೇನು? ಹೊಟ್ಟೆಪಾಡಿಗೆ ಮನುಷ್ಯ ಎಲ್ಲಿಗಾದರೂ ಹೋದಾನು. ಹೋಗುವುದರಲ್ಲಿ ತಪ್ಪಿಲ್ಲ. ಹೋಗುವಾಗ ಏನು ಕಟ್ಟಿಕೊಂಡು ಹೋಗುತ್ತಾನೆ, ಅಲ್ಲಿ ನೋಡಬೇಕು ಮನುಷ್ಯನನ್ನು.

ಹಡಗಿಗೆ ಏರಿಸುವ ಕಬ್ಬಿಣದ ದೊಡ್ಡ ಪೆಟ್ಟಿಗೆ ಇರುತ್ತದಲ್ಲ, ಕಂಟೇನರ್, ಅದು ಲಾರಿಯ ಮೇಲೆ ಬಂದು ಮನೆಯ ಮುಂದೆ ನಿಂತಿತು. ಗಂಡ ಹೆಂಡತಿಗೆ ಜಗಳ ಹತ್ತಿಕೊಂಡಿತು.

"ಮೊದಲ ತೂಗುಮಂಚ ಏರಸ್ರಿ" ಎಂದ ಗಂಡ.

"ಅಲ್ಲಿ ಮನಿ ಛತ್ತಿಗೆ ಕೊಂಡಿನ ಇರೂದಿಲ್ಲಂತ. ಎಲ್ಲಿ ತೂಗ ಹಾಕತೀರಿ, ನಿಮ್ಮ ಕೊಳ್ಳಾಗೇನ್ರಿ?" ಎಂದಳು ಹೆಂಡತಿ. "ಅದರ ಬದಲಿ ನನ್ನ ಶ್ಯಾವಿಗಿ ಮಣಿ ಇಡ್ರಿ."

"ಶ್ಯಾವಿಗಿ ಅಲ್ಲೂ ಪಾಕೀಟಿನ್ಯಾಗ ಸಿಗತಾವ."

"ಪಾಕೀಟಿನ ಶ್ಯಾವಿಗಿ ಉಂಡಾಗ ನಿಮ್ಮ ಮಾರಿ ಹೆಂಗ ಆಗತೈತಿ, ನಾ ನೋಡೇನಿ. ಮಣಿ ಬರತೈತಿ."

ತೂಗುಮಂಚವೂ ಏರಿತು, ಶ್ಯಾವಿಗೆ ಮಣೆಯೂ ಏರಿತು. ರೊಟ್ಟಿ ಹಂಚು ಏರಿತು, ಉಪ್ಪಿನಕಾಯಿ ಭರಣಿ ಏರಿತು. ಬೀಸುವ ಕಲ್ಲು ಅಂದಾಗ ಮಾತ್ರ ಗಂಡ "ಹಡಗ ಮುಣಗಿಸ್ತೀಯೇನ?" ಎಂದ, ಕಲ್ಲು ಉಳಿಯಿತು. ಹಾಲ್‌ನಲ್ಲಿ ತೂಗುತ್ತಿದ್ದ ಗಾಜಿನ ದೊಡ್ಡ ದೀಪ ಬಿಚ್ಚಿಸಿದ. ಒಯ್ಯುವುದಕ್ಕೆ ಅವರದೊಂದು ನಿಯಮವಿತ್ತು. ಅಲ್ಲಿ ಸಿಗದಿದ್ದುದನ್ನು ಒಯ್ಯಬೇಕು, ಸಿಗುವುದನ್ನು ಬಿಡಬೇಕು. ನಿಯಮವೇನೋ ಚೆನ್ನಾಗಿದೆ. ಆದರೆ ಅಲ್ಲಿ ಸಿಗದೇ ಇರುವುದು ಯಾವುದು ಎಂದು ಕೂತು ಯೋಚಿಸಿದರೇ? ತೂಗುಮಂಚ ಸಿಗುವುದಿಲ್ಲ ಎಂದು ಯೋಚಿಸಿದರು. ಅಷ್ಟೇ.

ಕೊನೆಗೆ ಅಟ್ಟ ತೆರವು ಮಾಡಿದರು. ಮೂಲೆಯಲ್ಲಿ ಗೋಣಿಚೀಲಗಳು. ಬಿಚ್ಚಿದರೆ ಭಾಂಡೆ. ಡಬರಿ, ಬೋಗುಣಿ, ಡಬ್ಬಿ, ಮುಚ್ಚಳ ಕಳೆದ ಟಿಫಿನ್ ಕ್ಯಾರಿಯರ್. ಎಲ್ಲ ಸ್ಟೀಲಿನವು, ಗಟ್ಟಿಮುಟ್ಟಾದವು. ಭಾಂಡೆ ಅಂಗಡಿಯಲ್ಲಿ ಕೊಳ್ಳುವಾಗ ನಾವು ಹೆಸರು ಹಾಕಿಸುತ್ತೇವಲ್ಲ, ಹಾಗೆ ಒಂದೊಂದರ ಮೇಲೂ ಹೆಸರಿತ್ತು. ಆ ಮನೆಯವರ ಹೆಸರಲ್ಲ. ಓಣಿಯವರ ಹೆಸರು.

ಕದ್ದವೇ? ಅಯ್ಯೋ, ಕದ್ದಿದ್ದರೆ ಹೇಳುವುದು ಸುಲಭವಿತ್ತು. ಕದ್ದವಲ್ಲ, ಉಡುಗೊರೆಯಾಗಿ ಬಂದವೂ ಅಲ್ಲ. ಓಣಿಯವರು ಆ ಮನೆಗೆ ಊಟ ತುಂಬಿ ಕಳಿಸಿದ ಪಾತ್ರೆಗಳು ಅವು. ನಮ್ಮಲ್ಲಿ ಏನು ಪದ್ಧತಿ? ಯಾರದೋ ಮನೆಯಿಂದ ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡಬಾರದು. ಒಂದಿಷ್ಟು ಸಕ್ಕರೆ, ಒಂದು ಹೋಳಿಗೆ, ಏನಾದರೂ ಹಾಕಿ ಕೊಡಬೇಕು. ಎಷ್ಟು ಚೆಂದದ ಪದ್ಧತಿ! ಇನ್ನೊಂದೂ ಇದೆ. ಪಾತ್ರೆ ಕಳಿಸಿದವರು ತಾವಾಗಿ ಬಂದು ಕೇಳಬಾರದು. ಕೇಳಿದರೆ ಹಾಕಿದ ಅನ್ನವನ್ನು ಎತ್ತಿ ಆಡಿದಂತೆ. ಅದೂ ಚೆಂದವೇ. ನೋಡಿ, ಇಬ್ಬರಿಗೂ ಮರ್ಯಾದೆ. ಇವರು ಬರಿದಾಗಿ ಕೊಡುವಂತಿಲ್ಲ, ಅವರು ಕೇಳುವಂತಿಲ್ಲ. ಈ ಎರಡು ಮರ್ಯಾದೆಗಳ ನಡುವೆ ಪಾತ್ರೆ ಎಲ್ಲಿ ಹೋಯಿತು? ಅಟ್ಟಕ್ಕೆ ಹೋಯಿತು!

ಅವುಗಳಲ್ಲಿ ಒಂದು ಡಬರಿ. ಅದರ ಅಂಚಿನ ಕೆಳಗೆ 'ಫಕ್ಕೀರವ್ವ' ಎಂದು ಹೆಸರು ಹಾಕಿಸಿದ್ದಿತ್ತು. ಈ ಕಥೆಯಲ್ಲಿ ಯಾರಿಗೂ ಹೆಸರಿಲ್ಲ, ಆಕೆಯೊಬ್ಬಳಿಗೆ ಇದೆ. ಅದೇ ದರ್ಜಿಯ ಹೆಂಡತಿ. ಶ್ರೀಮಂತನ ತಂದೆ ತೀರಿಕೊಂಡಾಗ, ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ಆಕೆ ಆ ಡಬರಿಯಲ್ಲಿ ಜೋಳದ ನುಚ್ಚು ಮಾಡಿಕೊಂಡು, ಮೇಲೆ ಮಜ್ಜಿಗೆ ಹೊಯ್ದುಕೊಂಡು ಬಂದಳು. ಅಲ್ಲಿಯತನಕ ನೀರು ಸಹ ಮುಟ್ಟದೆ ಕಂಬಕ್ಕೆ ಒರಗಿ ಕೂತಿದ್ದ ಶ್ರೀಮಂತನ ಮುಂದೆ ತಾಟು ಇಟ್ಟು, "ಉಣ್ರಿ ಅಣ್ಣಾರ, ನೀವ ಕುಸದು ಬಿದ್ರ ಈ ಮಕ್ಕಳ್ನ ಯಾರ ನೋಡವ್ರು?" ಎಂದಳು. ಅವನು ಉಂಡ. ಇನ್ನೊಂದಿಷ್ಟು ಹಾಕಿಸಿಕೊಂಡು ಉಂಡ.

ಆಮೇಲೆ? ಡಬರಿ ತೊಳೆದಿಟ್ಟು ಹೆಂಡತಿ ಹೇಳಿದಳು: "ಬರೂ ಹಬ್ಬಕ್ಕ ಹೋಳಿಗಿ ತುಂಬಿ ಕಳಸೂಣು." ಹಬ್ಬ ಬಂತು, ಗಡಿಬಿಡಿಯಲ್ಲಿ ಮರೆತಳು. ಆಮೇಲೆ ಗಂಡ ಹೇಳಿದ: "ಇಷ್ಟ ತಡಾ ಮಾಡಿ ಬರೇ ಹೋಳಿಗಿ ಕೊಟ್ರ ಏನ ಚೊಲೋ? ಮಗನ ಜವಳದಾಗ ಪೇಡೆ ತುಂಬಿ ಕೊಡೂಣು." ಜವಳವೂ ಆಯಿತು. ಆಮೇಲೆ, "ಇನ್ನ ಪೇಡೆ ಎಲ್ಲಿ ಸಾಲತಾವ, ಜೋಡಿ ಒಂದ ಸೀರಿ ಇಡಬೇಕಾಗತೈತಿ." ತಡವಾದಷ್ಟೂ ತುಂಬಬೇಕಾದದ್ದು ದೊಡ್ಡದಾಗುತ್ತಾ ಹೋಯಿತು. ಕೊನೆಗೆ ಆ ಡಬರಿಗೆ ಸಾಲುವಂಥದ್ದು ಲೋಕದಲ್ಲೇ ಇಲ್ಲವಾಯಿತು. ಅಷ್ಟರಲ್ಲಿ ಫಕ್ಕೀರವ್ವ ಬೇನೆಬಿದ್ದಳು, ತೀರಿಹೋದಳು.

ಈಗ ಲಾರಿಯ ದಿನ. ಅಟ್ಟದಿಂದ ಇಳಿದ ಭಾಂಡೆಯ ರಾಶಿಯ ಮುಂದೆ ಹೆಂಡತಿ ಕೂತಳು. "ಇವ್ನೆಲ್ಲಾ ಅವರವರ ಮನಿಗೆ ಮುಟ್ಟಿಸಿ ಹೋಗೂಣ್ರಿ."

"ಬರೇ ಭಾಂಡೆ ಕೊಡತೀಯೇನ? ಊರ ಬಿಡೂ ಮುಂದ ಸಾವಕಾರ್ರು ಖಾಲಿ ಡಬರಿ ಕೊಟ್ಟ ಹೋದ್ರು ಅಂತ ಆಡಿಕೊಳ್ಳಾಕ?"

"ಏನರ ಮಾಡಿ ತುಂಬೂಣಂದ್ರ ಒಲಿನ ಪೆಟಗ್ಯಾಗ ಹೋಗೇತಲ್ರಿ."

"ಅದಕ್ಕ ಹೇಳಾಕತ್ತೇನಿ, ಸುಮ್ಮನ ಏರಸು. ಅಲ್ಲಿ ಯಾರಿಗೆ ಈ ಹೆಸರ ಓದಾಕ ಬರತೈತಿ?"

ಕೇಳಿದಿರಾ? ಅಲ್ಲಿ ಯಾರಿಗೆ ಓದಲು ಬರುತ್ತದೆ! ಅವನಿಗೆ ಬರುತ್ತದಲ್ಲ? ತನ್ನ ಕಣ್ಣನ್ನು ಇಲ್ಲಿಯೇ ಬಿಟ್ಟು ಹೋಗುತ್ತಾನೆಯೇ? ಗಾಜಿನ ದೀಪ ಅಲುಗಾಡದಿರಲೆಂದು ಅದರ ಸುತ್ತ ಆ ಪಾತ್ರೆಗಳನ್ನು ಒತ್ತಿ ತುಂಬಿಸಿದ. ಓಣಿಯವರ ಅನ್ನದ ಪಾತ್ರೆ ಅವನ ದೀಪಕ್ಕೆ ಆಸರೆಯಾಯಿತು.

ಇನ್ನೇನು ಕಂಟೇನರಿನ ಬಾಗಿಲು ಹಾಕಬೇಕು, ಆಗ ದರ್ಜಿ ಬಂದ. ಅವನ ಮನೆಯಲ್ಲಿ ಮಗಳ ಮದುವೆ. ಹುಡುಗಿ ಬಂಗಾರ ಕೇಳಿರಲಿಲ್ಲ, ರೇಷ್ಮೆ ಕೇಳಿರಲಿಲ್ಲ. "ಯಪ್ಪಾ, ಅವ್ವನ ಹೆಸರಿಂದು ಒಂದ ಭಾಂಡೆ ಕೊಡು ಸಾಕು" ಎಂದಿದ್ದಳು. ಮನೆಯಲ್ಲಿದ್ದ ಭಾಂಡೆಗಳೆಲ್ಲ ಫಕ್ಕೀರವ್ವನ ಔಷಧಕ್ಕೆ ಮಾರಿಹೋಗಿದ್ದವು. ಉಳಿದದ್ದು ಒಂದೇ, ಶ್ರೀಮಂತನ ಮನೆಯಲ್ಲಿದ್ದದ್ದು. ಕೇಳಬಾರದೆಂಬ ಮರ್ಯಾದೆ ಆ ದರ್ಜಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮನೆಯಿಂದ ಎದ್ದು ಬಂದು ಓಣಿಯ ತಿರುವಿನಲ್ಲಿ ನಿಂತ, ಮತ್ತೆ ಮನೆಗೆ ಹೋದ, ಮತ್ತೆ ಬಂದ. ಈ ಲಾರಿ ಹೋದರೆ ಡಬರಿ ಸಮುದ್ರದಾಚೆ. ಕೊನೆಗೆ ಮಗಳ ಮುಖ ನೆನೆದು ಬಾಯಿ ತೆರೆದ.

"ಸಾವಕಾರ್ರ, ನಮ್ಮಾಕಿ ಡಬರಿ ಒಂದ ನಿಮ್ಮಲ್ಲೆ ಉಳದೈತ್ರಿ."

ಅದಕ್ಕೆ ಬಂದ ಉತ್ತರವೇ ನಾನು ಮೊದಲು ಹೇಳಿದ ಮಾತು. ಭಿಕ್ಷೆ, ನಾಚಿಕೆ, ಎಲ್ಲ. ಜನ ನಕ್ಕರು. ದರ್ಜಿ ತಲೆ ತಗ್ಗಿಸಿದ, ಆದರೆ ಕಾಲು ಕೀಳಲಿಲ್ಲ. ಶ್ರೀಮಂತ ಕಾರಿನಲ್ಲಿ ಯಾರಿಗೋ ಕೊಡಲೆಂದು ಇಟ್ಟಿದ್ದ ಹೊಸ ಡಬರಿ ತರಿಸಿದ. "ತಗೋ. ನಿನ್ನ ಡಬರಿಕಿಂತ ದೊಡ್ಡದೈತಿ."

"ಇದರ ಮ್ಯಾಲ ಆಕಿ ಹೆಸರಿಲ್ಲರೀ."

"ಹಾಕಿಸಿದ್ರಾತು ಬಿಡೋ!"

"ಆಕಿ ಹಾಕಿಸಿದ್ದ ಬೇಕ್ರೀ ಹುಡಗಿಗೆ."

"ನಿಮ್ಮ ಡಬರಿ ನಮ್ಮಲ್ಲಿಲ್ಲ. ಇದ್ರ ಇಷ್ಟ ದಿನ ಯಾಕ ಕೇಳಲಿಲ್ಲ?"

ಆಗ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮೆಟ್ಟಿಲಿಳಿದು ಬಂದಳು. "ಐತಿ. ಒಳಗ, ನಿಮ್ಮ ದೀಪದ ಬಾಜೂಕ. ಮಾವನವರು ಹೋದಾಗ ನೀವ ಉಂಡಿದ್ದ ಡಬರಿ ಅದು."

"ಹುಚ್ಚ ಹಿಡದೈತೇನ? ತೂಗುಮಂಚ ಇಳಸಲಾರದ ಅದು ಕೈಗೆ ಸಿಗೂದಿಲ್ಲ. ಹಡಗ ತಪ್ಪತೈತಿ!"

"ಅದು ಇಳಿಯೂತನಕ ನಾ ಕಾರ ಹತ್ತೂದಿಲ್ಲ. ನೀವ ಹೋಗ್ರಿ, ಶ್ಯಾವಿಗಿ ಮಣಿ ಕರಕೊಂಡ."

ಹೇರಿದ ಸಾಮಾನು ಇಳಿಯತೊಡಗಿತು. ಮಂಚ ಇಳಿಯಿತು, ಪೆಟ್ಟಿಗೆಗಳು ಇಳಿದವು. ಶ್ರೀಮಂತ ತಾನೇ ಒಳಗೆ ಹತ್ತಿದ. ದೀಪದ ಸುತ್ತಲಿನ ಪಾತ್ರೆಗಳನ್ನು ಒಂದೊಂದೇ ತಿರುಗಿಸಿ ಹೆಸರು ನೋಡಿದ. ಇದು ಎದುರು ಮನೆಯವರದು, ಹೆಂಡತಿ ಹಡೆದಾಗ ಅಂಟಿನುಂಡೆ ತುಂಬಿ ಕಳಿಸಿದ್ದು. ಇದು ಗಿರಣಿಯವರದು, ಇದು ಮಾಸ್ತರರದು. ಯಾರು ಈಗಷ್ಟೇ ಹೊರಗೆ ನಿಂತು ದರ್ಜಿಯನ್ನು ನೋಡಿ ನಕ್ಕಿದ್ದರೋ, ಅವರದೇ ಹೆಸರುಗಳು! ನಕ್ಕವರ ಪಾತ್ರೆ ಒಳಗೆ, ನಕ್ಕವರು ಹೊರಗೆ. ದರ್ಜಿಯೊಬ್ಬನೇ ಕೇಳಿದ್ದ. ಕೇಳಿದವನ ಪಾತ್ರೆಯೊಂದನ್ನೇ ಶ್ರೀಮಂತ ಎತ್ತಿಕೊಂಡ. ಉಳಿದವನ್ನು ಇದ್ದಲ್ಲೇ ಇಟ್ಟ. ಒಂದು ಗಳಿಗೆ ಅವುಗಳ ಮೇಲೆ ಕೈಯಾಡಿಸಿದ ಎನ್ನುತ್ತಾರೆ. ಕೈಯಾಡಿಸಿ ಏನು ಬಂತು? ಇಳಿಸಬೇಕಿತ್ತು!

ಇಲ್ಲಿ ನಾನು ನಿಲ್ಲಿಸುತ್ತೇನೆ. ಈಗ ನಿಮ್ಮ ಸರದಿ.

ಸತ್ತಾಗ ಏನೂ ಒಯ್ಯುವುದಿಲ್ಲ ಎಂದು ಹೇಳಲು ನಾನು ಬಂದಿಲ್ಲ. ಅದನ್ನು ಹೇಳಿ ಹೇಳಿ ನಿಮಗೆ ನಿದ್ದೆ ಬರಿಸಿದ್ದಾರೆ. ಸತ್ತ ಮೇಲಿನ ಮಾತು ಕೇಳಿ ತಲೆಯಾಡಿಸುವುದು ಬಹಳ ಸುಲಭ, ಯಾರೂ ನಾಳೆ ಬೆಳಿಗ್ಗೆ ಬಂದು ಪರೀಕ್ಷೆ ಮಾಡುವುದಿಲ್ಲವಲ್ಲ. ನಾನು ಹೇಳುತ್ತಿರುವುದು ಬದುಕಿರುವ ಮಾತು, ನಿಮ್ಮ ಅಡುಗೆಮನೆಯ ಮಾತು. ಅಕ್ಕಾ, ನಿಮ್ಮ ಫ್ರಿಜ್ಜಿನ ಮೇಲೆ ಬೆಂಕಿಪೆಟ್ಟಿಗೆ, ಮೇಣದಬತ್ತಿ ಹಾಕಿಟ್ಟ ಡಬ್ಬಿ ಯಾರದು? ತಿರುಗಿಸಿ ನೋಡಿ. ಅಣ್ಣಾ, ನಿಮ್ಮ ಹಿತ್ತಲಿನಲ್ಲಿ ಒರಗಿ ನಿಂತ ಏಣಿ ನಿಮ್ಮದೇ? ನಿಮ್ಮಲ್ಲಿ ಯಾರೂ ಕಳ್ಳರಲ್ಲ, ನನಗೆ ಗೊತ್ತು. ನೀವೆಲ್ಲ ಮರ್ಯಾದಸ್ಥರು. ಅದೇ ನನಗೆ ಸಿಟ್ಟು! ಕಳ್ಳನಿಗೆ ತಾನು ಕಳ್ಳನೆಂದು ಗೊತ್ತಿರುತ್ತದೆ. ಮರ್ಯಾದಸ್ಥ ಮಾತ್ರ ಬೇರೆಯವರ ವಸ್ತುವನ್ನು ಮರ್ಯಾದೆಯ ಹೆಸರಿನಲ್ಲೇ ಇಟ್ಟುಕೊಂಡಿರುತ್ತಾನೆ.

ಏನು ಮಾಡಬೇಕು? ಮನೆಗೆ ಹೋಗಿ ಅಟ್ಟ ಹತ್ತಿ. ಯಾರ ಹೆಸರಿದೆಯೋ ಅವರ ಮನೆಗೆ ನಡೆಯಿರಿ. ತುಂಬಲು ಏನಾದರೂ ಇದ್ದರೆ ತುಂಬಿ. ಇಲ್ಲವೇ? ಬರಿದಾಗಿಯೇ ಕೊಡಿ. ಹೌದು, ಬರಿದಾಗಿಯೇ. "ಅವ್ವಾ, ತಡಾ ಆತು, ತಪ್ಪಾತು" ಎಂದು ಎರಡು ಮಾತು ಹಾಕಿ ಕೊಡಿ, ಅದು ಸಕ್ಕರೆಗಿಂತ ಕಡಿಮೆಯೇ? ಅವರು ಕೇಳಲಿ ಎಂದು ಕಾಯಬೇಡಿ. ಕೇಳಲು ಬಂದವನು ಎಷ್ಟು ಸಲ ಓಣಿಯ ತಿರುವಿನಿಂದ ಹಿಂದಕ್ಕೆ ಹೋಗಿರುತ್ತಾನೋ ನಿಮಗೇನು ಗೊತ್ತು. ಪಾತ್ರೆ ಒಂದೇ ಅಲ್ಲ. ಜನರ ಮುಂದೆ ಯಾರನ್ನಾದರೂ ಹಂಗಿಸಿ ಆಡಿದ್ದೀರಾ? ಆ ಮಾತನ್ನು ಜನರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಿ. ಮೂಲೆಗೆ ಕರೆದು ಅಲ್ಲ. ಹೊರಡುವಾಗ ನೋಡೋಣ, ಮುಂದಿನ ಹಬ್ಬಕ್ಕೆ ನೋಡೋಣ ಅಂದಿರೋ, ನಿಮ್ಮ ಡಬರಿಗೂ ಸೀರೆ ಸಾಲದ ದಿನ ಬರುತ್ತದೆ.

ಹಿಂದೆ ಕೂತ ಅಜ್ಜಿ ಕೈಯೆತ್ತುತ್ತಿದ್ದಾರೆ. ಏನಜ್ಜಿ? ಡಬರಿ ಸಿಕ್ಕಾಗ ದರ್ಜಿ ಏನೆಂದ ಎಂದು ಕೇಳುತ್ತೀರಾ? ಹೇಳುತ್ತೇನೆ.

ಶ್ರೀಮಂತ ಲಾರಿಯಿಂದ ಇಳಿದ. ಡಬರಿಯನ್ನು ಎರಡೂ ಕೈಯಲ್ಲಿ ಹಿಡಿದು ದರ್ಜಿಯ ಹತ್ತಿರ ಬಂದ. ಅವನ ಮುಖ ಇಳಿದಿತ್ತು, ಕಣ್ಣು ಸಹ ತುಂಬಿತ್ತೇನೋ, ಇಲ್ಲವೆನ್ನಲಾರೆ. ದೂರದ ಪ್ರಯಾಣ, ಅಪಶಕುನವಾದೀತೆಂಬ ಅಂಜಿಕೆಯೂ ಇತ್ತು. ಬಯ್ಯುವಾಗ ಓಣಿಗೆಲ್ಲ ಕೇಳುವಂತೆ ಬೈದವನು ಈಗ ಯಾರಿಗೂ ಕೇಳದಂತೆ ತಗ್ಗಿದ ದನಿಯಲ್ಲಿ ಹೇಳಿದ:

"ಬರೇ ಕೊಡಾಕತ್ತೇನಿ, ಮನ್ಯಾಗ ಒಂದ ಚಿಟಿಕಿ ಸಕ್ರಿ ಉಳದಿಲ್ಲ. ಮನಸಿನ್ಯಾಗ ಇಟ್ಕೋಬ್ಯಾಡೋ ತಮ್ಮಾ. ಸಮುದ್ರ ದಾಟಿ ಹೊಂಟೇನಿ. 'ಹೋಗಿ ಬರ್ರಿ' ಅಂತ ಒಂದ ಮಾತ ಅನ್ನು. ನಿನ್ನ ಬಾಯಿಂದ ಅಷ್ಟ ಬೇಕು."

ದರ್ಜಿ ಡಬರಿ ತೆಗೆದುಕೊಂಡ. ಹೆಗಲ ಮೇಲಿನ ಟವಲ್‌ನಿಂದ ಒಳಗಿನ ದೂಳು ಒರೆಸಿದ. ಹೆಸರಿದ್ದ ಕಡೆ ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿದ, ಬೆಳಕಿಗೆ ಹಿಡಿದು ನೋಡಿದ. ಶ್ರೀಮಂತ ಕಾಯುತ್ತಾ ನಿಂತಿದ್ದ. ದರ್ಜಿ ಡಬರಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಜನ ಬಿಟ್ಟುಕೊಟ್ಟ ದಾರಿಯಲ್ಲಿ ಮನೆಯ ಕಡೆಗೆ ನಡೆದುಹೋದ.